ಮಧ್ಯಾಹ್ನವಾದರೆ ಏರುತ್ತಿದ್ದ ಜಲಜನಕ

ಅತ್ತಿಗೆಗೆ ನಮಸ್ಕಾರ. ನೀವು ಕಟ್ಟಿಕೊಟ್ಟ ಹುರಿಗಡಲೆಯಿಂದ ನನ್ನ ಕೆಲಸ ಹೋಗುವುದರಲ್ಲಿತ್ತು. ಗಾಬರಿ ಬೇಡ, ಉಳಿದುಕೊಂಡಿದೆ.

ಇಲ್ಲಿನ ಮಣ್ಣಿನಲ್ಲೊಂದು ಬ್ಯಾಕ್ಟೀರಿಯಾ ಇದೆ. ತಿನ್ನಲು ಏನೂ ಸಿಗದಾಗ ಅದು ಗಾಳಿಯಲ್ಲಿರುವ ಚೂರುಪಾರು ಜಲಜನಕವನ್ನೇ ಉಂಡು ಜೀವ ಹಿಡಿದುಕೊಳ್ಳುತ್ತದೆ. ಯಾವ ಜೀನ್ ತೆಗೆದರೆ ಆ ಶಕ್ತಿ ಹೋಗುತ್ತದೆಂದು ನೋಡುವುದು ನನ್ನ ಪಾಲಿನ ಕೆಲಸ. ಆದರೆ ಮೂರು ವಾರದಿಂದ ಮಧ್ಯಾಹ್ನವಾದರೆ ಸಾಕು, ನನ್ನ ಬಾಟಲಿಗಳಲ್ಲೆಲ್ಲ ಇಳಿಯಬೇಕಾದ ಜಲಜನಕ ಏರುತ್ತಿತ್ತು. "ಇನ್ನೊಂದು ವಾರ ನೋಡ್ತೀನಿ, ಆಮೇಲೆ ನೀವು ಊರಿಗೆ ಹೊರಡಿ" ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಹೇಳಿಯೂ ಆಗಿತ್ತು.

ನಿನ್ನೆ ಜಲಜನಕ ಅಳೆಯುವ ಯಂತ್ರದ ರಿಪೇರಿಯ ಹಿರಿಯರು ಬಂದು, ಬಾಟಲಿಗಳ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದ ನನ್ನನ್ನು ಸುಮ್ಮನೆ ನೋಡುತ್ತ ಕುಳಿತರು. "ಬೆಳಿಗ್ಗೆ ಏನು ತಿಂತೀಯಮ್ಮ?" ಎಂದರು.

"ಎರಡು ಹಿಡಿ ಹುರಿಗಡಲೆ."

"ಎಲ್ಲಿ, ಈ ಕೊಳವೆಗೆ ಒಂದ್ಸಲ ಊದು."

ಊದಿದೆ. ಯಂತ್ರದ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಕಡಲೆ ಹೊಟ್ಟೆಯಲ್ಲಿ ಹುಳಿಯುವಾಗ ಹುಟ್ಟುವ ಜಲಜನಕ ಮಧ್ಯಾಹ್ನದ ಹೊತ್ತಿಗೆ ಉಸಿರಲ್ಲಿ ಬರುತ್ತದಂತೆ; ನಾನು ಬಗ್ಗಿದಾಗ ಅದೇ ಬಾಟಲಿಗೆ ಸೇರುತ್ತಿತ್ತು. "ಹುಡುಗಿ ಕೈಕೆಲಸ ಸರಿಯಾಗೇ ಇದೆ" ಎಂದು ಅವರೇ ಮೇಡಂಗೆ ಹೇಳಿ ಬಂದರು. ನಾನು ಥ್ಯಾಂಕ್ಸ್ ಹೇಳುತ್ತಲೇ ಅತ್ತುಬಿಟ್ಟೆ.

ನೀವು ಕೇಳಿದ್ದ ಕೆಮ್ಮು ಪೂರ್ತಿ ಹೋಗಿದೆ. ತಿಂಡಿ ಬಿಟ್ಟು ಬರೀ ಕಡಲೆ ತಿಂದದ್ದಕ್ಕೆ ಬೈಯಬೇಡಿ. ಕಾರ್ಡು ಮೊದಲು ಅಣ್ಣನ ಕೈಗೆ ಸಿಕ್ಕರೆ, ಅಣ್ಣಾ, ನಗುವುದನ್ನೆಲ್ಲ ಒಂದೇ ಸಲ ನಕ್ಕು ಮುಗಿಸು.

ಅತ್ತಿಗೆ, ಪೊಟ್ಟಣ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡಿ, ರಜೆಯ ದಿನ ತಿನ್ನುತ್ತೇನೆ. ಗಾಳಿ ಉಂಡು ಬದುಕುವ ಜೀನ್ ನನಗಿಲ್ಲ.

ನಿಮ್ಮ ನಾದಿನಿ