ನಮ್ಮ ಕಡೆಯ ಗೆರೆ

ಅಪ್ಪಾ,

ಹುತ್ತದ ಮಣ್ಣಿನ ಟೆನಿಸ್ ಕೋರ್ಟಿಗೆ ನೀರು ಹಾಕಿ ಬಂದಿದ್ದೇನೆ. ಪೂರ್ತಿ ಒಣಗುವ ಮುಂಚೆ ರೋಲರ್ ಎಳೆಯುವುದು ನಿನ್ನ ಕೆಲಸ. ಫ್ರಿಜ್ಜಿನಲ್ಲಿ ಕುರಿಮಾಂಸ ಇದೆ, ನಾಯಿಗೆ ಹಾಕಬೇಡ, ನೀನು ತಿನ್ನು.

ನನ್ನ ಆಟದ ದಿನಗಳ ಬಗ್ಗೆ ನಾನು ಬರೆದ ಪುಸ್ತಕವನ್ನು ನೀನು ಓದಿ ಮುಗಿಸಿದೆ ಅಂತ ಬಾಗಿಲು ಬಡಿದ ಸದ್ದಿನಿಂದಲೇ ಗೊತ್ತಾಯಿತು. ಬ್ರಿಸ್ಬೇನಿನಲ್ಲಿ ನಾನು ಮೊದಲ ಫೈನಲ್ ಆಡುವಾಗ ನೀನು ಬೇಲಿಯ ಹತ್ತಿರ ನಿಂತು, ನಿಯಮ ಮೀರಿ, ಅಂಪೈರ್ ಕಣ್ಣು ತಪ್ಪಿಸಿ, ಟೋಪಿ ಮುಟ್ಟಿ ಮುಟ್ಟಿ ಎಲ್ಲಿಗೆ ಹೊಡೆಯಬೇಕೆಂದು ಸನ್ನೆ ಮಾಡಿದ್ದನ್ನು ಬರೆದಿದ್ದೇನೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ. "ಊರೋರ ಮುಂದೆ ನನ್ನ ಮಾನ ಕಳೆದ್ಲು" ಅಂತ ಮೆರ್ವಿನ್ ಚಿಕ್ಕಪ್ಪನ ಹತ್ತಿರ ಗೊಣಗಿದೆಯಂತೆ. ನಮ್ಮೂರ ಆಟಕ್ಕೆ ಅಂಪೈರ್ ಇಲ್ಲ. ನಮ್ಮ ಕಡೆ ಬಿದ್ದ ಚೆಂಡಿನ ತೀರ್ಪು ನಾವೇ ಹೇಳಬೇಕು. "ಗೆರೆ ಮುಟ್ಟಿದ್ರೆ ಮುಟ್ತು ಅನ್ನು ಮಗಳೇ, ಸೋತ್ರೂ ಪರ್ವಾಗಿಲ್ಲ" ಅಂತ ಚಿಕ್ಕವಳಿದ್ದಾಗ ಕಲಿಸಿದವನು ನೀನೇ. ನಾನು ಹಾಗೇ ಹೇಳಿದ್ದೇನೆ, ಅಷ್ಟೆ.

ಸಂಜೆ ಕ್ಲಬ್ಬಿನಲ್ಲಿ ಪುಸ್ತಕದ ಬಿಡುಗಡೆ. ಇಸ್ತ್ರಿ ಮಾಡಿದ ನೀಲಿ ಅಂಗಿ ಕುರ್ಚಿಯ ಮೇಲಿದೆ. ಮುಂದಿನ ಸಾಲಿನಲ್ಲಿ ನಿನಗೊಂದು ಜಾಗ ಹಿಡಿದಿಟ್ಟಿರುತ್ತೇನೆ.

ಟೋಪಿ ಮಾತ್ರ ಮನೆಯಲ್ಲೇ ಬಿಟ್ಟು ಬಾ. ಏನು ಮಾತಾಡಬೇಕು ಅಂತ ನನಗೆ ಗೊತ್ತಿದೆ.

ಬ್ರಾನ್