ಕಾಲು ಮಾರುವವನಿಗೆ ಮೊದಲೇ ಗೊತ್ತಿತ್ತು

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮಲ್ಲಿ ರೋಗಿಯ ಗೋಪ್ಯತೆ ಎಷ್ಟು ಭದ್ರವೆಂದರೆ, ನನ್ನ ತಮ್ಮನ ಕಾಲು ತೆಗೆದ ಸುದ್ದಿ ಒಡಹುಟ್ಟಿದ ನನಗೆ ತಿಳಿಯಲಿಲ್ಲ. ಕೃತಕ ಕಾಲು ಮಾರುವವನಿಗೆ ತಿಳಿದಿತ್ತು. ಅದು ಹೇಗೆಂದು ನಿಮ್ಮ ಕಚೇರಿಯಲ್ಲಿ ಕೇಳಿ ಸಾಕಾಯಿತು. ಈಗ ನಾಲ್ಕು ಜನರೆದುರು ಕೇಳುತ್ತಿದ್ದೇನೆ.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಕೆಲಸದಲ್ಲಿದ್ದಾಗ ಲಿಫ್ಟ್ ಜಾರಿ ಬಲಗಾಲು ಸಿಕ್ಕಿಕೊಂಡಿತು. ಅಪ್ಪ ಅಮ್ಮ ಇಲ್ಲದ ಅವನಿಗೆ ನಾನೇ ಹಿರಿಯಳು. ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು ಅರ್ಧಕ್ಕೇ ಬಿಟ್ಟು ಓಡಿಬಂದೆ. ನಿಮ್ಮ ಕೌಂಟರಿನ ಹುಡುಗಿ ಮೊದಲು ನನ್ನ ಫೋನ್ ನಂಬರನ್ನು ಕಂಪ್ಯೂಟರಿಗೆ ಹಾಕಿಕೊಂಡಳು. ಆಮೇಲೆ, "ಹೇಳೋಕಾಗಲ್ಲ ಮೇಡಂ, ಪೇಷಂಟ್ ಪ್ರೈವೆಸಿ" ಎಂದಳು.

"ನಾನು ಅವನ ಅಕ್ಕ ಕಣಮ್ಮಾ. ಜೀವ ಇದೆ ಅಂತಾದ್ರೂ ಹೇಳು."

"ಎಲ್ರೂ ಅಕ್ಕ ಅಂತಾನೇ ಬರ್ತಾರೆ. ಕೂತ್ಕೊಳ್ಳಿ, ಡಾಕ್ಟರ್ ಕರೀತಾರೆ."

ಅವಳ ಮಾತನ್ನು ತಪ್ಪೆನ್ನಲಾರೆ. ಬಂದವರಿಗೆಲ್ಲ ರೋಗಿಯ ಕಥೆ ಹೇಳಲು ಆಸ್ಪತ್ರೆಯೇನು ಹರಟೆಕಟ್ಟೆಯೇ? ಬಾಯಿ ಮುಚ್ಚಿ ಕೂತೆ. ಡಾಕ್ಟರ್ ಕರೆಯಲಿಲ್ಲ, ಫೋನ್ ಬಂತು.

"ಮೇಡಂ, ನಿಮ್ಮ ತಮ್ಮಂದು ಬಲಗಾಲು, ಮಂಡಿ ಕೆಳಗೆ ತೆಗೆದಿದ್ದಾರಲ್ವಾ? ಬೇಜಾರ್ ಮಾಡ್ಕೋಬೇಡಿ. ನಮ್ಮಲ್ಲಿ ಒಳ್ಳೊಳ್ಳೆ ಮಾಡೆಲ್ ಇವೆ."

"ನಿಮಗ್ಯಾರು ಹೇಳಿದ್ದು?" ಎಂದೆ. ಫೋನ್ ಕಟ್ಟಾಯಿತು.

ಸಂಜೆ ಒಳಗೆ ಬಿಟ್ಟರು. ತಮ್ಮ ಮಂಪರಿನಲ್ಲೇ ಕಣ್ಣು ಬಿಟ್ಟು, "ಅಕ್ಕಾ, ಬಲಗಾಲಿನ ಪಾದ ಕಡೀತಿದೆ, ಸ್ವಲ್ಪ ಕೆರೆದುಬಿಡೇ" ಎಂದ. ಅವನಿಗೂ ಯಾರೂ ಹೇಳಿರಲಿಲ್ಲ, ಸ್ವಾಮಿ! ತಲೆ ಸವರುತ್ತಾ ನಾನೇ ಹೇಳಬೇಕಾಯಿತು. ಕೈಚಾಚಿ ಹೊದಿಕೆಯನ್ನು ತಡವಿ ನೋಡಿದ. ಆಮೇಲೆ, "ನಿಂಗೆ ಡಾಕ್ಟರ್ ಹೇಳಿದ್ರಾ?" ಎಂದು ಕೇಳಿದ. ಹೌದೆಂದೆ. ಅಂಗಡಿಯವನು ಹೇಳಿದ ಎನ್ನಲು ನಾಲಿಗೆ ಏಳಲಿಲ್ಲ.

ದೂರು ಕೊಟ್ಟೆ. "ವಿಚಾರಣೆ ಮುಗಿದಿದೆ, ವಿವರ ಗೋಪ್ಯ" ಎಂದಿರಿ. ಭಲೇ! ಅಕ್ಕನಿಗೆ ಕಬ್ಬಿಣದ ಬಾಗಿಲು, ವ್ಯಾಪಾರಿಗೆ ಕಿಟಕಿ. ನನ್ನ ನಂಬರು, ಅವನ ಕಾಲು, ಎರಡೂ ಒಟ್ಟಿಗಿದ್ದದ್ದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ನಾನು ಅನುಮಾನಿಸಿದರೆ ತಪ್ಪೇ? ಕಿಟಕಿ ತೆರೆದವರು ಯಾರೆಂದು ನಿಮಗೆ ನಿಜಕ್ಕೂ ತಿಳಿಯದೋ, ಅಥವಾ ಚೆನ್ನಾಗಿಯೇ ತಿಳಿದಿದೆಯೋ?

ನಾನು ಕೇಳುವುದಿಷ್ಟು: ಸುದ್ದಿ ಹೊರಗೆ ಬಿಟ್ಟವರು ಯಾರೆಂದು ಹೇಳಿ. ತನ್ನ ವಿಷಯ ಯಾರಿಗೆ ತಿಳಿಯಬೇಕೆಂದು ರೋಗಿಯನ್ನೇ ಕೇಳಿ. ಅವನಿಗೆ ಪ್ರಜ್ಞೆ ಇಲ್ಲದಿದ್ದರೆ ಮನೆಯವರು ಹೌದೋ ಅಲ್ಲವೋ ನೋಡಿಕೊಂಡು, ಜೀವ ಇದೆ ಎಂಬ ಒಂದು ಮಾತನ್ನಾದರೂ ಹೇಳಿ.

ಪತ್ರಿಕೆಗೆ ಕೊಡುವ ಮೊದಲು ಇದಿಷ್ಟನ್ನೂ ತಮ್ಮನಿಗೆ ಓದಿ ಹೇಳಿದೆ, ನನ್ನ ಸುಳ್ಳನ್ನೂ ಬಿಡದೆ. "ನಿನ್ನ ಕಾಲಿನ ವಿಷಯ ಊರಿಗೆಲ್ಲ ಹೇಳ್ಲೇನೋ?" ಎಂದೆ.

"ಹೇಳಕ್ಕಾ," ಎಂದ. "ಹೇಳ್ಲಾ ಅಂತ ನನ್ನನ್ನ ಕೇಳಿದವಳು ನೀನೊಬ್ಳೇ."

ಇಂತಿ,
ನಿಮ್ಮ ಲೆಕ್ಕದಲ್ಲಿ ಹೊರಗಿನವಳಾದ
ಒಬ್ಬ ಅಕ್ಕ