ಸುಮ್ಮನೆ ಕೂತಿರದ ಕೋಶಗಳು

ಫೆಬ್ರವರಿ ೧೧, ಗುರುವಾರ

ಗೆದ್ದೆ! ಇವತ್ತಿನ ಬಯಾಲಜಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಗೆದ್ದೆ.

ಎಲ್ಲರ ಮೈಕ್ರೋಸ್ಕೋಪಿನಲ್ಲೂ ಈರುಳ್ಳಿ ಬೇರಿನ ಸ್ಲೈಡು, ಕಂಡದ್ದನ್ನು ಬಿಡಿಸಬೇಕು. ಎಷ್ಟು ಹುಡುಕಿದರೂ ಎರಡಾಗಿ ಒಡೆಯುತ್ತಿರುವ ಒಂದು ಕೋಶವೂ ಕಣ್ಣಿಗೆ ಬೀಳಲಿಲ್ಲ. ಎಲ್ಲವೂ ಎರಡು ವಿಭಜನೆಗಳ ನಡುವಿನ ಇಂಟರ್‌ಫೇಸ್ ಹಂತದಲ್ಲಿದ್ದವು. ದುಂಡು ನ್ಯೂಕ್ಲಿಯಸ್ಸುಗಳನ್ನಷ್ಟೇ ಬಿಡಿಸಿದೆ. ಕೋಶ ಒಡೆಯುವಾಗ ಮಾತ್ರ ಕಾಣುವ ಕ್ರೋಮೋಸೋಮುಗಳನ್ನು ಪುಸ್ತಕದ ನೆನಪಿನಿಂದ ಇಳಿಸುತ್ತಿದ್ದ ಪಕ್ಕದವಳು, "ಫೇಲಾಗ್ತೀಯ ಕಣೇ" ಎಂದು ಪಿಸುಗುಟ್ಟಿದಳು. ಆದರೂ ಅಳಿಸಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ನನ್ನ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮಾ, ಕೋಶಗಳೆಲ್ಲ ಸುಮ್ನೆ ಕೂತಿದ್ವಾ?"

"ಸುಮ್ನೆ ಕೂತಿಲ್ಲ ಸರ್, ಬೆಳೀತಿವೆ. ಒಡೆಯೋದು ಒಂದೂ ಇಲ್ಲ, ನೀವೇ ನೋಡಿ."

ಬಗ್ಗಿ ನೋಡಿದರು. ಸ್ಲೈಡನ್ನು ಅತ್ತಿತ್ತ ಸರಿಸಿದರು. ಆಮೇಲೆ ನಮ್ಮ ಮೇಷ್ಟ್ರ ಕಡೆ ತಿರುಗಿ, "ಕೋಶ ಒಡೆಯೋದು ಬೇರಿನ ತುದೀಲಿ, ನೀವು ಅದನ್ನೇ ಬಿಟ್ಟು ಮೇಲಿನ ಭಾಗ ಕತ್ತರಿಸಿದ್ದೀರಲ್ರೀ!" ಎಂದರು. ಮಿಕ್ಕವರಿಗೆ, "ಇಲ್ಲದೇ ಇರೋದನ್ನ ನೀವೆಲ್ಲ ಎಲ್ಲಿ ನೋಡಿದ್ರಪ್ಪಾ?"

ಎಲ್ಲರೂ ಸರಸರ ಅಳಿಸತೊಡಗಿದರು. ಆಹಾ, ಆ ರಬ್ಬರುಗಳ ಸದ್ದು!

ಮನೆಗೆ ಬಂದು ಕಾಲು ಚಾಚಿದೆ. ಅಮ್ಮ, "ಏನೇ, ಸುಮ್ನೆ ಕೂತ್ಬಿಟ್ಟೆ?" ಎಂದಳು.

"ಬೆಳೀತಿದ್ದೀನಮ್ಮಾ!"

ಪಾತ್ರೆ ತೊಳೆಯುವುದೇನೂ ತಪ್ಪಲಿಲ್ಲ. ತೊಳೆಯುವಾಗಲೂ ನಗುತ್ತಲೇ ಇದ್ದೆ. ಕಣ್ಣು ಎಳೆಯುತ್ತಿದೆ, ನಗು ಮಾತ್ರ ಇನ್ನೂ…